ಕಂಪನಿಯಿಲ್ಲದವರ ವೀಸಾ

ಪ್ರಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ಶಿವಮೊಗ್ಗದ ಮನೆಯಲ್ಲಿ ಕೂತು ಜರ್ಮನಿಯ ಇಬ್ಬರಿಗೂ ಅಮೆರಿಕದ ಒಬ್ಬರಿಗೂ ಮೊಬೈಲ್ ಆಪ್ ಬರೆದುಕೊಡುವ ನಿಮಗೆ, ಅದೇ ಕೆಲಸವನ್ನು ಒಂದೆರಡು ವರ್ಷ ಪೋರ್ಚುಗಲ್‌ನಲ್ಲಿ ಇದ್ದುಕೊಂಡು ಮಾಡಬೇಕೆಂಬ ಆಸೆ ಹುಟ್ಟಿದೆ. "ನನಗೆ ಕಂಪನಿಯಿಲ್ಲ, ಎಚ್‌ಆರ್ ಇಲ್ಲ, ಸಂಬಳದ ಚೀಟಿ ಇಲ್ಲ. ನನಗ್ಯಾರು ವೀಸಾ ಕೊಡ್ತಾರೆ?" ಎಂದು ಕೇಳಿದ್ದೀರಿ. ಕೊಡುತ್ತಾರೆ. ಆದರೆ ಕಂಪನಿಯೊಂದು ತನ್ನ ನೌಕರರಿಗಾಗಿ ಮಾಡುವ ಕಾಗದಪತ್ರದ ಕೆಲಸವನ್ನೆಲ್ಲ ನಿಮಗೆ ನೀವೇ ಮಾಡಿಕೊಳ್ಳಬೇಕು. ನಾನು ಹೇಳಬೇಕಿರುವುದು ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ಒಂದು ದೇಶದಲ್ಲಿದ್ದು ಹೊರಗಿನ ಗ್ರಾಹಕರಿಗೆ ಕೆಲಸ ಮಾಡುವವರ ಇಂಥ ವೀಸಾಗಳಿಗೆ ಹೆಚ್ಚು ವಯಸ್ಸಾಗಿಲ್ಲ. ಕೊರೊನಾ ಕಾಲದ 2020ರಲ್ಲಿ, ಪ್ರವಾಸಿಗರಿಲ್ಲದೆ ಕಂಗೆಟ್ಟ ಬಾರ್ಬಡೋಸ್ ದ್ವೀಪ ಒಂದು ವರ್ಷದ 'ವೆಲ್ಕಮ್ ಸ್ಟ್ಯಾಂಪ್' ತಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಎಸ್ಟೋನಿಯಾ ಡಿಜಿಟಲ್ ನೊಮ್ಯಾಡ್ ವೀಸಾ ಶುರುಮಾಡಿತು. ಪೋರ್ಚುಗಲ್‌ನ ಇದೇ ಬಗೆಯ ಡಿ8 ವೀಸಾ ಜಾರಿಗೆ ಬಂದದ್ದು 2022ರ ಅಕ್ಟೋಬರ್ 30ರಂದು. ಎಲ್ಲ ದೇಶಗಳ ಲೆಕ್ಕಾಚಾರವೂ ಒಂದೇ: ನೀವು ಹೊರಗಿನ ಹಣ ಗಳಿಸಿ ಅವರ ಊರಿನಲ್ಲಿ ಖರ್ಚು ಮಾಡಬೇಕು, ಅವರ ಜನರ ಕೆಲಸಕ್ಕೆ ಕೈಹಾಕಬಾರದು. ಅರ್ಜಿಯಲ್ಲಿ ಅವರು ಕೇಳುವ ಒಂದೊಂದು ಕಾಗದವೂ ಈ ಎರಡು ಮಾತುಗಳ ಪುರಾವೆಯೇ. ಇದನ್ನು ನೆನಪಿಟ್ಟುಕೊಂಡರೆ ಉದ್ದನೆಯ ಪಟ್ಟಿ ನೋಡಿ ಗಾಬರಿಯಾಗುವುದಿಲ್ಲ.

ಮೊದಲು ಹಣದ ಮಾತು ಮುಗಿಸಿಬಿಡೋಣ, ಏಕೆಂದರೆ ಹೆಚ್ಚಿನವರ ಆಸೆ ನಿಲ್ಲುವುದು ಇಲ್ಲೇ. ಡಿ8ಗೆ ನಿಮ್ಮ ಕಳೆದ ಮೂರು ತಿಂಗಳ ಸರಾಸರಿ ಆದಾಯ ಪೋರ್ಚುಗಲ್‌ನ ಕನಿಷ್ಠ ವೇತನದ ನಾಲ್ಕು ಪಟ್ಟಾದರೂ ಇರಬೇಕು. ಆ ಕನಿಷ್ಠ ವೇತನ 2022ರಲ್ಲಿ ತಿಂಗಳಿಗೆ 705 ಯೂರೋ ಇತ್ತು. 2025ರಲ್ಲಿ 870 ಆಯಿತು, 2026ಕ್ಕೆ 920. ಅಂದರೆ ಈಗ ಬೇಕಿರುವುದು ತಿಂಗಳಿಗೆ 3,680 ಯೂರೋ, ನಮ್ಮ ಲೆಕ್ಕದಲ್ಲಿ ಮೂರೂಮುಕ್ಕಾಲು ಲಕ್ಷ ರೂಪಾಯಿಗೂ ಹೆಚ್ಚು. ಇದರ ಜೊತೆಗೆ ಬ್ಯಾಂಕಿನಲ್ಲಿ ಉಳಿತಾಯವೂ ಕಾಣಬೇಕು. ಪ್ರತಿ ಜನವರಿಯಲ್ಲಿ ಈ ಗೆರೆ ಮೇಲಕ್ಕೆ ಸರಿಯುತ್ತದೆ, ಹಾಗಾಗಿ ಡಿಸೆಂಬರ್‌ನಲ್ಲಿ ಹಾಕಿದ ಲೆಕ್ಕವನ್ನು ಹೊಸ ವರ್ಷದಲ್ಲಿ ಇನ್ನೊಮ್ಮೆ ನೋಡಿ.

ಇಲ್ಲಿ 'ಮೂರು ತಿಂಗಳ ಸರಾಸರಿ' ಎಂಬುದನ್ನು ಗಮನಿಸಿ. ಸಂಬಳದವರಿಗೆ ಅದು ಸುಲಭ. ನಮ್ಮಂಥವರ ಆದಾಯವೋ ಕಾರಂಜಿಯಂತೆ, ಒಂದು ತಿಂಗಳು ಎಂಟು ಲಕ್ಷ, ಮುಂದಿನ ತಿಂಗಳು ಎಂಬತ್ತು ಸಾವಿರ. ವರ್ಷದ ಒಟ್ಟು ಮೊತ್ತ ಚೆನ್ನಾಗಿದ್ದೂ, ಅರ್ಜಿ ಹಾಕುವ ಹೊತ್ತಿಗೆ ಹಿಂದಿನ ಮೂರು ತಿಂಗಳು ಬರಗಾಲವಾಗಿದ್ದರೆ ಸೋತಿರಿ. ಆದ್ದರಿಂದ ವಿಮಾನದ ಟಿಕೆಟ್ಟಿನ ದರ ನೋಡಿ ತಾರೀಖು ಆರಿಸಬೇಡಿ, ನಿಮ್ಮ ಪಾಸ್‌ಬುಕ್ ನೋಡಿ ಆರಿಸಿ. ದೊಡ್ಡ ಇನ್‌ವಾಯ್ಸ್‌ಗಳ ಹಣ ಬಂದು ಸೇರಿದ ಕೂಡಲೇ ಅರ್ಜಿ ಹೋಗಬೇಕು. ಮೂರು ತಿಂಗಳ ಜೊತೆಗೆ ಇಡೀ ವರ್ಷದ ಸ್ಟೇಟ್‌ಮೆಂಟನ್ನೂ ಲಗತ್ತಿಸಿ. ಏರಿಳಿತ ಈ ಕಸುಬಿನ ಸ್ವಭಾವವೆಂದು ಓದುವವರಿಗೆ ಆಗ ಗೊತ್ತಾಗುತ್ತದೆ.

ಇನ್ನು ಪುರಾವೆಯ ಮಾತು. ಗೆಳೆಯರ ಕಡತಗಳನ್ನು ಜೋಡಿಸಿಕೊಟ್ಟ ಅನುಭವದಿಂದ ಹೇಳುತ್ತೇನೆ: ಕರಾರು, ಇನ್‌ವಾಯ್ಸ್, ಬ್ಯಾಂಕ್ ಜಮೆ, ತೆರಿಗೆ ರಿಟರ್ನ್ ಈ ನಾಲ್ಕೂ ಒಂದೇ ಕಥೆ ಹೇಳಬೇಕು. ಬಹಳ ಮಂದಿ ಈಮೇಲ್‌ನಲ್ಲಿ 'ಓಕೆ' ಎಂದುಕೊಂಡೇ ವರ್ಷಗಟ್ಟಲೆ ಕೆಲಸ ಮಾಡಿಬಿಟ್ಟಿರುತ್ತಾರೆ. ಅದು ಸಾಲದು. ಮೂವರು ಗ್ರಾಹಕರಿಂದಲೂ ಸಹಿ ಮಾಡಿದ ಕರಾರು ಪಡೆಯಿರಿ. ಎಂದಿನಿಂದ ಕೆಲಸ, ಎಷ್ಟು ಹಣ, ಎಲ್ಲಿಂದ ಬೇಕಾದರೂ ಮಾಡಬಹುದೇ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಕರಾರಿನ ಜೊತೆಗೆ ಅವರ ಲೆಟರ್‌ಹೆಡ್‌ನಲ್ಲಿ ಅರ್ಧ ಪುಟದ ಪತ್ರ ಇದ್ದರೆ ಇನ್ನೂ ಒಳ್ಳೆಯದು. ಕೆಲವು ಗ್ರಾಹಕರು ಹಿಂಜರಿಯುತ್ತಾರೆ. ನೌಕರಿಯ ಪತ್ರ ಕೇಳುತ್ತಿದ್ದೀರೆಂದೂ, ನಾಳೆ ತಮ್ಮ ಮೇಲೆ ಹೊಣೆ ಬರುತ್ತದೆಂದೂ ಅವರಿಗೆ ಭಯ. 'ಇವರು ನಮ್ಮ ನೌಕರರಲ್ಲ, ಸ್ವತಂತ್ರವಾಗಿ ಸೇವೆ ಒದಗಿಸುವವರು' ಎಂಬ ವಾಕ್ಯವನ್ನು ಕರಡಿನಲ್ಲಿ ನೀವೇ ಬರೆದು ಕಳಿಸಿ. ಭಯ ಹೋಗುತ್ತದೆ, ಸಹಿ ಬರುತ್ತದೆ.

ಅಪ್‌ವರ್ಕ್‌ನಂಥ ವೇದಿಕೆಯ ಮೂಲಕ ಹಣ ಬರುತ್ತಿದ್ದರೆ ಇನ್ನೊಂದು ತೊಡಕಿದೆ. ಪಾಸ್‌ಬುಕ್ಕಿನಲ್ಲಿ ಕಾಣುವುದು ವೇದಿಕೆಯ ಹೆಸರು, ಗ್ರಾಹಕರದ್ದಲ್ಲ. ನಾಲ್ಕು ಇನ್‌ವಾಯ್ಸ್‌ಗಳ ಮೊತ್ತ ಒಟ್ಟಾಗಿ, ಕಮಿಷನ್ ಕಳೆದು ಒಂದೇ ಜಮೆಯಾಗಿ ಬಂದಿರುತ್ತದೆ. ವೇದಿಕೆ ಕೊಡುವ ಗಳಿಕೆಯ ವರದಿಯನ್ನು ಇಳಿಸಿಕೊಂಡು, ಯಾವ ಜಮೆಗೆ ಯಾವ ಇನ್‌ವಾಯ್ಸ್ ಎಂಬ ಒಂದು ಪುಟದ ತಖ್ತೆ ಮಾಡಿ ಇಡಿ. ಅಧಿಕಾರಿಗೆ ಊಹಿಸುವ ಕೆಲಸ ಕೊಡಬೇಡಿ. ಹೊರದೇಶದ ಹಣ ಬಂದದ್ದಕ್ಕೆ ಬ್ಯಾಂಕು ಕೊಡುವ ರವಾನೆ ಪತ್ರಗಳನ್ನೂ ಜೊತೆಗಿಡಿ.

ತೆರಿಗೆ ರಿಟರ್ನಿನಲ್ಲಿ ನಮ್ಮ ದೇಶದವರಿಗೆ ಎದುರಾಗುವ ಒಂದು ಗೊಂದಲವಿದೆ, ಅದನ್ನು ಬಿಡಿಸಿ ಹೇಳಲೇಬೇಕು. ನಿಮ್ಮಂಥ ಐಟಿ ವೃತ್ತಿಪರರು 44ಎಡಿಎ ಎಂದು ನಾವು ಕರೆಯುತ್ತ ಬಂದಿರುವ ಸವಲತ್ತಿನಡಿ ಒಟ್ಟು ಗಳಿಕೆಯ ಅರ್ಧವನ್ನಷ್ಟೇ ಲಾಭವೆಂದು ತೋರಿಸಿ ತೆರಿಗೆ ಕಟ್ಟಬಹುದು. ಅದು ಪೂರ್ತಿ ಕಾನೂನುಬದ್ಧ. ಆದರೆ 46 ಲಕ್ಷ ಗಳಿಸಿದವರ ರಿಟರ್ನಿನ ಒಂದು ಪುಟದ ಸ್ವೀಕೃತಿಯಲ್ಲಿ 23 ಲಕ್ಷ ಆದಾಯವೆಂದು ಕಾಣುತ್ತದೆ. ಬ್ಯಾಂಕ್ ಒಂದು ಹೇಳುತ್ತದೆ, ರಿಟರ್ನ್ ಇನ್ನೊಂದು! ಪೋರ್ಚುಗಲ್‌ನ ಅಧಿಕಾರಿಗೆ ನಮ್ಮ ಆದಾಯ ತೆರಿಗೆಯ ಒಳಮರ್ಮ ಗೊತ್ತಿರಬೇಕಿಲ್ಲ. ಹಾಗಾಗಿ ಸ್ವೀಕೃತಿಯೊಂದನ್ನೇ ಕೊಡದೆ ಒಟ್ಟು ಗಳಿಕೆ ಕಾಣುವ ಪೂರ್ಣ ಐಟಿಆರ್ ನಮೂನೆಯನ್ನೇ ಕೊಡಿ. ಎರಡು ಅಂಕಿಗಳೂ ಹೇಗೆ ಹೊಂದುತ್ತವೆಂದು ವಿವರಿಸುವ ಪ್ರಮಾಣಪತ್ರವನ್ನು ನಿಮ್ಮ ಸಿಎ ಅವರಿಂದ ಪಡೆಯಿರಿ. ಅದರ ಮೇಲೆ ಯುಡಿಐಎನ್ ಎಂಬ 18 ಅಕ್ಷರ-ಅಂಕಿಗಳ ಗುರುತು ಇದ್ದರೆ ಯಾರು ಬೇಕಾದರೂ ಪರಿಶೀಲಿಸಿಕೊಳ್ಳಬಹುದು. ನೀವು ಎಲ್ಲಿಯ ತೆರಿಗೆ ನಿವಾಸಿ ಎಂಬುದಕ್ಕೂ ದಾಖಲೆ ಕೇಳುತ್ತಾರೆ. ಆದಾಯ ತೆರಿಗೆ ಇಲಾಖೆಯಿಂದ ಅದನ್ನು ಪಡೆಯಲು ಸಮಯ ಹಿಡಿಯುತ್ತದೆ, ಮೊದಲೇ ಅರ್ಜಿ ಹಾಕಿ.

ಒಂದು ಕೆಲಸ ಮಾತ್ರ ಮಾಡಬೇಡಿ. ಉಳಿತಾಯ ಕಡಿಮೆಯಿದೆಯೆಂದು ಸೋದರಮಾವನ ಹತ್ತಿರ ಐದು ಲಕ್ಷ ಕೈಸಾಲ ತಂದು, ಅರ್ಜಿಯ ಹಿಂದಿನ ವಾರ ಖಾತೆಗೆ ತುಂಬುವುದು. ಎಲ್ಲಿಂದಲೋ ಬಂದು ಬಿದ್ದ ದಪ್ಪ ಮೊತ್ತ ಯಾರ ಕಣ್ಣಿಗೂ ಮೊದಲು ಬೀಳುತ್ತದೆ, ಅದರಿಂದ ಉಳಿದ ಪ್ರಾಮಾಣಿಕ ಜಮೆಗಳ ಮೇಲೂ ಅನುಮಾನ ಹುಟ್ಟುತ್ತದೆ.

ಈಗ ನಮ್ಮ ಕನ್ನಡ ಜನರ ಹಳೆಯ ತಲೆನೋವು, ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಊರು-ಅಪ್ಪನ ಹೆಸರೆಲ್ಲ ಪೂರ್ತಿ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮಗೆ ಇದೆಲ್ಲ ಒಬ್ಬರೇ ಎಂದು ತಿಳಿಯುತ್ತದೆ. ಹೊರಗಿನವರಿಗೆ ನಾಲ್ವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ಪಾಸ್‌ಪೋರ್ಟಿನ ಹೆಸರನ್ನೇ ಮೂಲವಾಗಿಟ್ಟುಕೊಂಡು ಬ್ಯಾಂಕು, ಪ್ಯಾನ್, ಕರಾರು ಎಲ್ಲದರಲ್ಲೂ ಅದನ್ನೇ ಮಾಡಿಸಿ. ಸರ್‌ನೇಮ್ ಖಾಲಿಯಿದ್ದರೆ ಪಾಸ್‌ಪೋರ್ಟನ್ನೇ ಮೊದಲು ಸರಿಪಡಿಸಿಕೊಳ್ಳುವುದು ಮೇಲು. ಹಳೆಯ ದಾಖಲೆ ಬದಲಾಗದಿದ್ದರೆ, ಎರಡೂ ಹೆಸರಿನವರು ಒಬ್ಬರೇ ಎಂಬ ಅಫಿಡವಿಟ್ ಅನ್ನು ನೋಟರಿಯ ಮುಂದೆ ಮಾಡಿಸಿ ಇಟ್ಟುಕೊಳ್ಳಿ.

ಉಳಿದ ದಾಖಲೆಗಳು ಓಡಾಟದವು, ತಲೆ ಕೆಡಿಸುವಂಥವಲ್ಲ. ಪೊಲೀಸ್ ಕ್ಲಿಯರೆನ್ಸ್ ಪತ್ರ, ಅಂದರೆ ಪಿಸಿಸಿಗೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಅರ್ಜಿ ಹಾಕಬೇಕು. ಆಮೇಲೆ ಅದಕ್ಕೆ ದಾಖಲೆ ಅಸಲಿಯೆಂದು ದೃಢಪಡಿಸುವ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ ಬೇಕು. ಭಾರತ 2005ರಲ್ಲೇ ಹೇಗ್ ಅಪಾಸ್ಟಿಲ್ ಒಪ್ಪಂದ ಸೇರಿರುವುದರಿಂದ ಪೋರ್ಚುಗಲ್ ಈ ಮುದ್ರೆಯನ್ನು ಒಪ್ಪುತ್ತದೆ. ಮುದ್ರೆಯ ಸರ್ಕಾರಿ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಅದರ ಮೇಲೆ ದಾಖಲೆ ಸಂಗ್ರಹಿಸುವ ಏಜೆನ್ಸಿಯ ಸೇವಾ ಶುಲ್ಕ. ಸಾವಿರಗಟ್ಟಲೆ ಕೇಳುವವರ ಬಳಿ ವಿವರ ಕೇಳಿ ನೋಡಿ. ಪಿಸಿಸಿಯನ್ನು ತೀರ ಮೊದಲೇ ಮಾಡಿಸಬೇಡಿ, ಹಳತಾದರೆ ಒಪ್ಪುವುದಿಲ್ಲ. ಇದರ ಜೊತೆಗೆ ವಿಮೆ, ಮತ್ತು ಅಲ್ಲಿ ಉಳಿಯುವ ಮನೆಯ ಪುರಾವೆ. ಮನೆ ನೋಡದೆಯೇ ಬಾಡಿಗೆ ಕರಾರು ಮಾಡಿಕೊಳ್ಳುವ ಈ ಹಂತದಲ್ಲಿ ಮೋಸ ಹೋದವರಿದ್ದಾರೆ. ಮುಂಗಡ ಕಳಿಸುವ ಮುನ್ನ ಆ ಊರಿನಲ್ಲಿರುವ ಯಾರಾದರೂ ಪರಿಚಿತರು ಬಾಗಿಲು ತಟ್ಟಿ ಬರಲಿ.

ಅರ್ಜಿ ಕೊಡುವುದು ವಿಎಫ್‌ಎಸ್ ಎಂಬ ವೀಸಾ ಅರ್ಜಿ ಕೇಂದ್ರದಲ್ಲಿ, ತೀರ್ಮಾನ ಮಾತ್ರ ರಾಯಭಾರ ಕಚೇರಿಯದು. ಕೌಂಟರಿನವರು ಕಾಗದ ಎಣಿಸಿಕೊಳ್ಳುತ್ತಾರೆ, ಕೊಡುವ ಬಿಡುವ ಅಧಿಕಾರ ಅವರಿಗಿಲ್ಲ. 'ಒಳಗೆ ನಮ್ಮ ಜನ ಇದ್ದಾರೆ, ಗ್ಯಾರಂಟಿ' ಎನ್ನುವ ಏಜೆಂಟರನ್ನು ಅಲ್ಲಿಂದಲೇ ಕೈಮುಗಿದು ಕಳಿಸಿಬಿಡಿ.

ಡಿ8ರಲ್ಲಿ ಎರಡು ಬಗೆಗಳಿವೆ. ವರ್ಷದೊಳಗೆ ಮರಳುವವರಿಗೆ ತಾತ್ಕಾಲಿಕ ವಾಸದ ವೀಸಾ. ಹೆಚ್ಚು ಕಾಲ ಇರುವವರಿಗೆ ನಾಲ್ಕು ತಿಂಗಳ ಪ್ರವೇಶ ವೀಸಾ, ಅಲ್ಲಿ ಇಳಿದ ಮೇಲೆ ಐಮಾ ಎಂಬ ವಲಸೆ ಸಂಸ್ಥೆಯಿಂದ ವಾಸದ ಪರವಾನಗಿ. 2023ರ ಅಕ್ಟೋಬರ್‌ನಲ್ಲಿ ಹುಟ್ಟಿದ ಈ ಸಂಸ್ಥೆಗೆ ಹಳೆಯ ಇಲಾಖೆ ಬಿಟ್ಟುಹೋದ ಲಕ್ಷಗಟ್ಟಲೆ ಕಡತಗಳೇ ಬಳುವಳಿ. ಅಲ್ಲಿ ಕಾಯುವುದಕ್ಕೆ ತಯಾರಾಗಿಯೇ ಹೋಗಿ.

ಪೋರ್ಚುಗಲ್‌ನ ಮೊತ್ತ ಕೈಗೆಟುಕದಿದ್ದರೆ ಬೇಸರ ಬೇಡ. ಥಾಯ್ಲೆಂಡ್ 2024ರ ಜುಲೈನಲ್ಲಿ ಡಿಟಿವಿ ಎಂಬ ವೀಸಾ ತಂದಿದೆ. ಅದು ಮುಖ್ಯವಾಗಿ ನೋಡುವುದು 5 ಲಕ್ಷ ಬಾತ್ ಉಳಿತಾಯವನ್ನು, ಅಂದರೆ ಹದಿನಾಲ್ಕು ಲಕ್ಷ ರೂಪಾಯಿಯ ಆಸುಪಾಸು. ಐದು ವರ್ಷದ ವೀಸಾ, ಒಂದು ಸಲ ಹೋದರೆ 180 ದಿನ ಇರಬಹುದು. ಅಲ್ಲಿನ ಕಂಪನಿಗೆ ಕೆಲಸ ಮಾಡುವಂತಿಲ್ಲ. ಅರ್ಜಿಯನ್ನು ಥಾಯ್ಲೆಂಡ್‌ನ ಹೊರಗಿದ್ದೇ ಹಾಕಬೇಕು. ಮಲೇಷ್ಯಾದ ಡಿಇ ರಂಟಾವು ಐಟಿಯವರಿಂದ ವರ್ಷಕ್ಕೆ 24,000 ಡಾಲರ್ ಆದಾಯ ಕೇಳುತ್ತದೆ. ಕೋಡ್ ಬರೆಯುವ ನಿಮಗೆ ಅದೂ ಯೋಚಿಸಬೇಕಾದ ದಾರಿಯೇ.

ಕೊನೆಯದಾಗಿ, ಯಾರೂ ಮೊದಲು ಕೇಳದ, ಆಮೇಲೆ ಎಲ್ಲರೂ ಕೇಳುವ ವಿಷಯ. ವೀಸಾ ಬೇರೆ, ತೆರಿಗೆ ಬೇರೆ. ಹನ್ನೆರಡು ತಿಂಗಳಲ್ಲಿ 183 ದಿನಕ್ಕಿಂತ ಹೆಚ್ಚು ಇದ್ದರೆ ಪೋರ್ಚುಗಲ್ ನಿಮ್ಮನ್ನು ತನ್ನ ತೆರಿಗೆ ನಿವಾಸಿ ಎನ್ನುತ್ತದೆ. ಹೊಸಬರಿಗೆ ಬಹಳ ರಿಯಾಯಿತಿ ಕೊಡುತ್ತಿದ್ದ ಎನ್‌ಎಚ್‌ಆರ್ ಯೋಜನೆಯ ಹಳೆಯ ರೂಪ 2024ರಿಂದ ಹೊಸ ಅರ್ಜಿದಾರರಿಗೆ ಮುಚ್ಚಿದೆ. ಹಳೆಯ ವಿಡಿಯೋ ನೋಡಿ ಅದನ್ನು ನಂಬಿ ಕೂರಬೇಡಿ. ಥಾಯ್ಲೆಂಡ್‌ನಲ್ಲೂ ವರ್ಷಕ್ಕೆ 180 ದಿನ ತುಂಬಿದರೆ, ಅಲ್ಲಿಗೆ ತಂದ ಹೊರಗಿನ ಆದಾಯಕ್ಕೆ 2024ರಿಂದ ತೆರಿಗೆಯುಂಟು. ಭಾರತಕ್ಕೆ ಎರಡೂ ದೇಶಗಳೊಂದಿಗೆ ದುಪ್ಪಟ್ಟು ತೆರಿಗೆ ತಪ್ಪಿಸುವ ಒಪ್ಪಂದವಿದೆ, ಆದರೆ ಅದರ ಲಾಭ ತಾನಾಗಿ ಬಂದು ಸೇರುವುದಿಲ್ಲ, ಕೇಳಿ ಪಡೆಯಬೇಕು. ಕಸುಬಿಗಾಗಿ ದೇಶ ಬಿಟ್ಟಿರೆಂದರೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸುವ ಹೊಣೆಯೂ ನಿಮ್ಮದೇ. ಹೊರಡುವ ಮುನ್ನ ಒಂದು ಗಂಟೆ ಒಳ್ಳೆಯ ಸಿಎ ಜೊತೆ ಕೂರಿ. ಆ ಶುಲ್ಕಕ್ಕೆ ಜಿಪುಣತನ ಬೇಡ.

ಗೆಳತಿ, ನಿಮ್ಮ ಅಮ್ಮ ಇವತ್ತಿಗೂ "ಮಗಳು ಯಾವ ಕಂಪನಿ?" ಎಂದು ಕೇಳಿದವರಿಗೆ ಏನು ಹೇಳಬೇಕೆಂದು ತಿಳಿಯದೆ ತಡಬಡಾಯಿಸುತ್ತಾರೆಂದು ಬರೆದಿದ್ದಿರಿ. ಗೃಹಸಾಲದ ಮ್ಯಾನೇಜರೂ ಅದನ್ನೇ ಕೇಳುತ್ತಾರೆ, ಹೆಣ್ಣು ನೋಡಲು ಬಂದವರೂ ಅದನ್ನೇ. ನಾನು ಮೇಲೆ ಹೇಳಿದ ಕಡತ ಅವರೆಲ್ಲರಿಗೂ ಸಾಕಾಗುವ ಉತ್ತರ. ವೀಸಾ ಸಿಗಲಿ ಬಿಡಲಿ, ಹಾಗೆ ಅಚ್ಚುಕಟ್ಟಾಗಿ ನಡೆಸಿದ ಕಸುಬು ಸಂಬಳದ ನೌಕರಿಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಹೋಗಬೇಕೆಂದಿರುವ ದಿನಕ್ಕಿಂತ ಒಂದು ವರ್ಷ ಮೊದಲೇ ಕೆಲಸ ಶುರುಮಾಡಿ. ಈ ವಾರವೇ ಮೂವರು ಗ್ರಾಹಕರಿಗೂ ಕರಾರಿನ ಕರಡು ಕಳಿಸಿ, ಕಸುಬಿನ ಹಣಕ್ಕೆಂದೇ ಒಂದು ಪ್ರತ್ಯೇಕ ಖಾತೆ ತೆರೆಯಿರಿ. ಅರ್ಜಿ ಹಾಕುವ ಮುನ್ನ ರಾಯಭಾರ ಕಚೇರಿಯ ಅಧಿಕೃತ ಪಟ್ಟಿಯನ್ನು ಇನ್ನೊಮ್ಮೆ ಓದಿ, ಏಕೆಂದರೆ ಈ ನಿಯಮಗಳು ಬೇಗ ಬದಲಾಗುತ್ತವೆ. ಕರಾರುಗಳು ಬಂದ ಮೇಲೆ ನನಗೊಂದು ಸಾಲು ಬರೆಯಿರಿ.

ಇಂತಿ ನಿಮ್ಮ ಗೆಳೆಯ