ಗೀಟು, ಕೊಕ್ಕೆ, ಹೌದಿಲ್ಲೋ

ರಬಕವಿ-ಬನಹಟ್ಟಿ ಎಂದು ಬರೆಯುವಾಗ ನಡುವೆ ಸಣ್ಣದೊಂದು ಗೀಟು ಎಳೆಯುತ್ತೇವಲ್ಲ, ಅದಕ್ಕೆ ಹೈಫನ್ ಅಂತಾರೆ. ಸಂಸ್ಥಾನಗಳ ಕಾಲಕ್ಕೆ ರಬಕವಿ ಸಾಂಗಲಿಗೆ ಸೇರಿತ್ತು, ಬನಹಟ್ಟಿ ಜಮಖಂಡಿಗೆ. ಎರಡೂ ಕಡೆ ಪಟವರ್ಧನರೇ, ಆದರೆ ಗಾದಿ ಬೇರೆ, ಖಜಾನೆ ಬೇರೆ. ಈಗ ಎರಡಕ್ಕೂ ಒಂದೇ ನಗರಸಭೆ, ಒಂದೇ ತಾಲ್ಲೂಕು. ಎಸ್ಸೆಸ್ಸೆಲ್ಸಿ ಹುಡುಗರಿಗೆ ಹೈಫನ್ ತೋರಿಸಲು ಇದಕ್ಕಿಂತ ಒಳ್ಳೇ ಉದಾಹರಣೆ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲೂ ಸಿಗಲಿಕ್ಕಿಲ್ಲ.

ಅಂದಹಾಗೆ, ಆ ಪಿ.ಸಿ. ರೆನ್ ಸಾಹೇಬ ನೌಕರಿ ಮಾಡಿದ್ದು ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ. ನಮ್ಮ ಬೀಳಗಿಯೂ ಆಗ ಅದೇ ಪ್ರಾಂತ್ಯದ್ದು. ಮರಳುಗಾಡಿನ ಸಿಪಾಯಿಗಳ ಮೇಲೆ 1924ರಲ್ಲಿ ‘ಬೋ ಜೆಸ್ಟ್’ ಕಾದಂಬರಿ ಬರೆದು ಹೆಸರು ಮಾಡಿದವನೂ ಅವನೇ. ಕತೆ ಬರೆದುಕೊಂಡು ಸುಮ್ಮನಿರಬಾರದಿತ್ತೇ? ಪ್ಯಾಸಿವ್ ವಾಯ್ಸ್ ತಂದು ನಮ್ಮ ಹುಡುಗರ ಕೊರಳಿಗೆ ಕಟ್ಟಿದ.

ಬನಹಟ್ಟಿಯ ಮಗ್ಗದ ಮನೆಯಲ್ಲಿ ‘ನಮ್ಮಪ್ಪ ಸೀರಿ ನೇಯ್ತಾನ್ರಿ’ ಅಂತಾರೆ. ‘ನಮ್ಮಪ್ಪನಿಂದ ಸೀರೆ ನೇಯಲ್ಪಡುತ್ತದೆ’ ಅಂದರೆ ಲಾಳಿಯೂ ನಕ್ಕೀತು. ಪರೀಕ್ಷೆಗೆ ಮಾತ್ರ ಅದೇ ಬೇಕು. ಸೀರೆಯನ್ನು ಮುಂದಕ್ಕೆ ತಾ, ಅಪ್ಪನನ್ನು ಹಿಂದಕ್ಕೆ ಕಳಿಸು, ಅವನ ಮುಂದೆ ‘ಬೈ’ ಇಡು. ಇಷ್ಟು ಮಾಡಿಯೂ ನಡುವಿನ ‘ಈಸ್’ ಮರೆತರೆ ಅಂಕ ಹೋಯಿತು.

ಕ್ವೆಶ್ಚನ್ ಟ್ಯಾಗಿನದು ಇನ್ನೊಂದು ಗೋಳು. ನಮ್ಮ ಕಡೆ ಎಲ್ಲಕ್ಕೂ ಒಂದೇ ‘ಹೌದಿಲ್ಲೋ’. ಮಾಸ್ತರು ಬಂದಾರ, ಹೌದಿಲ್ಲೋ? ಕಬ್ಬಿನ ಬಿಲ್ ಬಂದಿಲ್ಲ, ಹೌದಿಲ್ಲೋ? ಇಂಗ್ಲಿಷಿನಲ್ಲಿ ಹಾಗೆ ನಡೆಯದು. ವಾಕ್ಯ ಹೌದೆಂದರೆ ಬಾಲ ಇಲ್ಲವೆನ್ನಬೇಕು, ವಾಕ್ಯ ಇಲ್ಲವೆಂದರೆ ಬಾಲ ಹೌದೆನ್ನಬೇಕು. ‘ಶೀ ಈಸ್ ಎ ಟೀಚರ್’ ಆದಮೇಲೆ ಕಾಮಾ, ಆಮೇಲೆ ‘ಈಸಂಟ್ ಶೀ’, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ. ಹುಡುಗರು ದಡ್ಡರೆಂದು ಬೈಯುವವರು, ಅವರ ನಾಲಿಗೆಗೆ ರೂಢಿಯಾದ ವ್ಯಾಕರಣವೇ ಬೇರೆ ಎಂಬುದನ್ನು ಮೊದಲು ಹೇಳಿಕೊಟ್ಟರೆ ಅರ್ಧ ಕೆಲಸ ಹಗುರಾದೀತು.

ರಿಪೋರ್ಟೆಡ್ ಸ್ಪೀಚಿನಲ್ಲಂತೂ ಇದು ಢಾಳಾಗಿ ಕಾಣುತ್ತದೆ. ‘ನಾಳೆ ಬರ್ತೇನಿ ಅಂತ ಹೇಳ್ಯಾನ’ ಎನ್ನುವಾಗ ನಾವು ಅವನ ಮಾತನ್ನು ಇದ್ದಂತೆಯೇ ಒಪ್ಪಿಸುತ್ತೇವೆ. ‘ಅಂತ’ ಒಂದಿದ್ದರೆ ಸಾಕು. ಇಂಗ್ಲಿಷಿಗೆ ಹೋದರೆ ‘ಐ’ ಹೋಗಿ ‘ಹೀ’, ‘ವಿಲ್’ ಹೋಗಿ ‘ವುಡ್’, ‘ಟುಮಾರೋ’ ಹೋಗಿ ‘ದಿ ನೆಕ್ಸ್ಟ್ ಡೇ’. ಉದ್ಧರಣ ಚಿಹ್ನೆಗಳೂ ಮಾಯ. ಮುಧೋಳದ ರನ್ನನಿಗೆ ಈ ಪಂಚಾಯಿತಿಯೇ ಇರಲಿಲ್ಲ. ‘ಗದಾಯುದ್ಧ’ದಲ್ಲಿ ಭೀಮ, ದುರ್ಯೋಧನ ಇಬ್ಬರೂ ಗುಡುಗುತ್ತಾರೆ, ಹಳೆಯ ಓಲೆಗರಿಗಳಲ್ಲಿ ಕಾಮಾ ಇಲ್ಲ, ಉದ್ಧರಣ ಚಿಹ್ನೆ ಇಲ್ಲ, ಪದಗಳ ನಡುವೆ ಜಾಗವೂ ಇಲ್ಲ. ಓದುವವನ ಉಸಿರೇ ಕಾಮಾ. ಆದರೆ ರನ್ನ 80 ಅಂಕದ ಪತ್ರಿಕೆಗೆ ಕೂತವನಲ್ಲ.

ಕೂರುವವರು ಪತ್ರಲೇಖನದ ಕೊನೆಗೆ ‘ಯುವರ್ಸ್ ಫೇತ್‌ಫುಲಿ’ ಬರೆಯುವಾಗ ‘ಎಸ್’ ಹಿಂದೆ ಅಪಾಸ್ಟ್ರಫಿಯ ಕೊಕ್ಕೆ ಹಾಕಬಾರದು. ಸೀರೆ ಅಂಗಡಿಗಳ ಬೋರ್ಡಿನಲ್ಲಿ ‘ಸಾರೀಸ್’ಗೂ ಅದೇ ಕೊಕ್ಕೆ ನೇತಾಡುವುದುಂಟು. ನೇತಾಡಲಿ ಬಿಡಿ, ಬೋರ್ಡಿಗೆ ಅಂಕ ಕಡಿಯುವವರಿಲ್ಲ.