ಮಧ್ಯಾಹ್ನ ಮೂರರ ದೋಷ

ಮೈಸೂರಿನ ಸರಸ್ವತಿಪುರದಲ್ಲಿ ಒಂದು ಹಳೆಯ ಮಹಡಿಮನೆ. ಯಜಮಾನರು ಮೂವತ್ತಕ್ಕೂ ಹೆಚ್ಚು ವರ್ಷ ದೂರವಾಣಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಬೀದಿಯವರಿಗೆಲ್ಲ ರಾಯರೆಂದೇ ಪರಿಚಿತರು. ಕಂಬ ಹತ್ತಿ, ನೆಲ ಅಗೆಸಿ, ಮಳೆಯಲ್ಲಿ ನೆನೆದು, ಎಲ್ಲಿ ತಂತಿ ತುಂಡಾಗಿದೆ, ಎಲ್ಲಿ ನೀರು ಹೊಕ್ಕಿದೆ ಎಂಬುದನ್ನು ಪತ್ತೆ ಮಾಡುವುದರಲ್ಲಿ ಅವರದು ಪಳಗಿದ ಕೈ. ಅಂಥವರ ಮನೆಯ ಇಂಟರ್‌ನೆಟ್ಟೇ ದಿನವೂ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಕೈಕೊಡತೊಡಗಿತು.

ಕೆಳಗೆ ನಡುಮನೆಯಲ್ಲಿ ಕಂಪನಿಯವರು ಕೂರಿಸಿದ ಪೆಟ್ಟಿಗೆ, ಅದರಲ್ಲಿಯೇ ರೂಟರು. ಮೇಲಿನ ಕೋಣೆಯಲ್ಲಿ ಸೊಸೆಯ ಕಚೇರಿ. 2020ರ ಪಿಡುಗಿನ ದಿನಗಳಲ್ಲಿ ಮನೆಯಿಂದಲೇ ಕೆಲಸ ಆರಂಭಿಸಿದ ಆಕೆ ಮುಂದೆಯೂ ಹಾಗೆಯೇ ನಡೆಸಿಕೊಂಡು ಬಂದಿದ್ದಳು. ಮಹಡಿಯ ಕಾಂಕ್ರೀಟನ್ನು ದಾಟುವಷ್ಟರಲ್ಲಿ ವೈಫೈ ಸೊರಗಿಹೋಗುತ್ತಿದ್ದುದರಿಂದ, ರಾಯರು ಪಶ್ಚಿಮದ ಗೋಡೆಯ ಹೊರಗೆ, ಮಳೆನೀರಿನ ಕೊಳವೆಯ ಪಕ್ಕದಲ್ಲಿ ಒಂದು ಕೇಬಲನ್ನು ತಾವೇ ಎಳೆದು, ಮೇಲಿನ ಕಿಟಕಿಯಿಂದ ಒಳಗೆ ತಂದು, ಅದರ ತುದಿಗೆ ಇನ್ನೊಂದು ರೂಟರನ್ನು ಜೋಡಿಸಿಕೊಟ್ಟಿದ್ದರು. ಬಂದ ನೆಂಟರಿಗೆಲ್ಲ ಆ ಕೇಬಲನ್ನು ತೋರಿಸುವುದು ಅವರಿಗೊಂದು ಸಂತೋಷವಾಗಿತ್ತು.

ಯಂತ್ರ ಕೆಟ್ಟರೆ ಆರೋಪ ಮನುಷ್ಯರ ಮೇಲೆ ಬರುವುದು ಮನೆಗಳ ವಾಡಿಕೆ. ಶಾಲೆಯಿಂದ ಬಂದೊಡನೆ ಮೊಮ್ಮಗ ಆಟಕ್ಕೆ ಕೂರುವುದೇ ಕಾರಣವೆಂದು ಅಜ್ಜಿ ತೀರ್ಮಾನಿಸಿದರು. ಕಂಪನಿಗೆ ದೂರು ಹೋಯಿತು. ಅವರ ಹುಡುಗ ಬೆಳಿಗ್ಗೆ ಹತ್ತಕ್ಕೆ ಬಂದು ನೋಡಿ, ಎಲ್ಲ ಸರಿಯಾಗಿದೆಯೆಂದು ಹೊರಟುಹೋದ. ಬೆಳಿಗ್ಗೆ ಹತ್ತಕ್ಕೆ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ರಾಯರು, “ನಿನ್ನ ಲ್ಯಾಪ್‌ಟಾಪಿಗೇ ವಯಸ್ಸಾಗಿರಬೇಕಮ್ಮ. ತಂತಿ ನಾನೇ ಎಳೆದದ್ದು, ಅದರಲ್ಲಿ ಏನೂ ದೋಷವಿಲ್ಲ” ಎಂದುಬಿಟ್ಟರು. ಸೊಸೆ ಮಾತನಾಡಲಿಲ್ಲ. ಅಂದು ಮಧ್ಯಾಹ್ನವೇ ಆಕೆಯ ಮೇಲಧಿಕಾರಿ, ಸಭೆಯ ನಡುವೆ ಮೂರು ಸಲ ಮಾಯವಾದ ಆಕೆಗೆ, ಇನ್ನು ಬೆಂಗಳೂರಿನ ಕಚೇರಿಗೇ ಬಂದು ಕೆಲಸ ಮಾಡುವುದು ಮೇಲೆಂದು ಬರೆದಿದ್ದರು. ಗಂಡನಿರುವುದೂ ಬೆಂಗಳೂರಿನಲ್ಲಿಯೇ, ಶನಿವಾರ ಶನಿವಾರ ಬಂದು ಹೋಗುವವನು. ಅಲ್ಲೊಂದು ಬಾಡಿಗೆ ಮನೆ ಹಿಡಿದು ಮಗುವನ್ನೂ ಕರೆದುಕೊಂಡು ಹೋದರೆ ತೀರಿತು. ಆ ಮಾತು ಇನ್ನೂ ಯಾರ ಬಾಯಿಗೂ ಬಂದಿರಲಿಲ್ಲ. ಆದರೆ ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು.

ರಾಯರು ಒಂದು ಹಳೆಯ ಡೈರಿ ತೆಗೆದು, ಇಲಾಖೆಯ ಪದ್ಧತಿಯಂತೆ ದೋಷ ಬಂದ ವೇಳೆ, ಹೋದ ವೇಳೆ ಬರೆಯತೊಡಗಿದರು. ಮೊದಲಿಗೆ ಸಂಶಯ ಹೋದದ್ದು ಮೇಲಿನ ರೂಟರಿನ ಅಡಾಪ್ಟರಿನ ಮೇಲೆ. ಸಂಶಯ ಅನುಚಿತವಾದುದಲ್ಲ. 12 ವೋಲ್ಟಿನ ಆ ಪುಟ್ಟ ಡಬ್ಬಿಯೊಳಗಿನ ಕೆಪಾಸಿಟರುಗಳು ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಒಣಗುತ್ತವೆ. ದೀಪವೇನೋ ಉರಿಯುತ್ತಿರುತ್ತದೆ, ಆದರೆ ಕೆಲಸ ಹೆಚ್ಚಾದೊಡನೆ ವೋಲ್ಟು ಕುಸಿದು ರೂಟರು ತಾನೇ ಆರಿ ಹೊತ್ತಿಕೊಳ್ಳುತ್ತದೆ. ಮನೆಗಳಲ್ಲಿ ಎಷ್ಟೋ ಒಳ್ಳೆಯ ರೂಟರುಗಳು ಕೆಟ್ಟ ಅಡಾಪ್ಟರಿನ ಪಾಪಕ್ಕೆ ಗುಜರಿಗೆ ಹೋಗಿವೆ. ರಾಯರು ಅಡಾಪ್ಟರನ್ನೂ ರೂಟರನ್ನೂ ಒಟ್ಟಿಗೇ ಬದಲಾಯಿಸಿದರು. ಎರಡು ದಿನ ಯಾವ ತೊಂದರೆಯೂ ಇಲ್ಲ! ಮನೆಯಲ್ಲಿ ಪಾಯಸವಾಯಿತು. ಆ ಎರಡು ದಿನವೂ ಮೋಡ ಕವಿದಿತ್ತೆಂಬುದನ್ನು ಯಾರೂ ಗಮನಿಸಲಿಲ್ಲ. ಮೂರನೆಯ ದಿನ ಬಿಸಿಲು ಬಂದಿತು. ಮೂರು ಗಂಟೆಗೆ ದೋಷವೂ ಬಂದಿತು.

ಒಮ್ಮೆಗೆ ಎರಡು ವಸ್ತುಗಳನ್ನು ಬದಲಾಯಿಸಬಾರದೆಂದು ತಾವೇ ಎಷ್ಟೋ ಹುಡುಗರಿಗೆ ಪಾಠ ಹೇಳಿದ್ದ ರಾಯರಿಗೆ ನಾಚಿಕೆಯಾಯಿತು. ಉದ್ದದ ಲೈನಿನಲ್ಲಿ ದೋಷವಿದ್ದರೆ ಹಿಂದೆ ಅವರು ಮಾಡುತ್ತಿದ್ದುದು ಒಂದೇ ಉಪಾಯ: ಲೈನನ್ನು ನಡುವೆ ಕತ್ತರಿಸಿದಂತೆ ಭಾವಿಸಿ, ದೋಷ ಈಚೆಗಿದೆಯೋ ಆಚೆಗಿದೆಯೋ ಎಂದು ಪರೀಕ್ಷಿಸುವುದು; ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಮನೆಯ ಜಾಲಕ್ಕೂ ಅದೇ ನಿಯಮ ಸಲ್ಲುತ್ತದೆ. ಮೊಮ್ಮಗ ಶಾಲೆಯಲ್ಲಿ ಕಲಿತಿದ್ದ ‘ಪಿಂಗ್’ ಆಜ್ಞೆ ಇಲ್ಲಿ ನೆರವಿಗೆ ಬಂದಿತು. 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕನ್ ಬರೆದ ಈ ಕಿರು ಉಪಕರಣ ಮಾಡುವುದಿಷ್ಟೆ: “ಇದ್ದೀಯಾ?” ಎಂದು ಇನ್ನೊಂದು ಯಂತ್ರವನ್ನು ಕೂಗಿ, “ಇದ್ದೇನೆ” ಎಂಬ ಉತ್ತರ ಬರಲು ಹಿಡಿದ ಕಾಲವನ್ನು ಅಳೆಯುವುದು. ಹುಡುಗ ಮೇಲಿನ ಕೋಣೆಯಲ್ಲಿ ಕುಳಿತು, ಕೆಳಗಿನ ರೂಟರಿನ 192.168.1.1 ಎಂಬ ವಿಳಾಸವನ್ನು ಕೂಗುತ್ತ ಹೋದ. ಮೂರೂ ಐದಕ್ಕೆ ಉತ್ತರ ನಿಂತಿತು.

“ತಾತ, ನಮ್ಮ ಮನೆಯೊಳಗೇ ಇದೆ!”

ಕಂಪನಿಯವರು ನಿರಪರಾಧಿಗಳಾದರು. ಮಾರನೆಯ ದಿನ ಸೊಸೆ ತನ್ನ ಲ್ಯಾಪ್‌ಟಾಪನ್ನು ಕೆಳಗೆ ತಂದು, ಗೇಣುದ್ದದ ಕೇಬಲಿನಿಂದ ಕೆಳಗಿನ ಪೆಟ್ಟಿಗೆಗೆ ಸೇರಿಸಿ ಕೆಲಸ ಮಾಡಿದಳು. ಮೂರಾಯಿತು, ನಾಲ್ಕಾಯಿತು, ಏನೂ ಆಗಲಿಲ್ಲ. ಲ್ಯಾಪ್‌ಟಾಪೂ ನಿರಪರಾಧಿಯಾಯಿತು. ರಾಯರು ಅಂದು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಸುಳಿವು ಬಹಳ ಮೊದಲೇ ಸಿಕ್ಕಿತ್ತು. “ತಾತ, ಸಾವಿರ ಅಂತ ಬರಬೇಕಾದ ಕಡೆ ನೂರು ಅಂತ ಬರುತ್ತಿದೆ” ಎಂದು ಮೊಮ್ಮಗ ಎರಡು ತಿಂಗಳ ಹಿಂದೆಯೇ ಹೇಳಿದ್ದ. ನೂರಾದರೂ ಸಾಕಷ್ಟಾಯಿತೆಂದು ರಾಯರು ಕಡೆಗಣಿಸಿದ್ದರು. ಈ ಕೇಬಲಿನೊಳಗೆ ಎಂಟು ತಂತಿಗಳು, ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು, ಒಂದೊಂದಕ್ಕೂ ಬಿಳಿಯ ಪಟ್ಟೆಯ ಒಬ್ಬ ಸಂಗಾತಿ. ಸೆಕೆಂಡಿಗೆ ನೂರು ಮೆಗಾಬಿಟ್‌ಗಳ ವೇಗಕ್ಕೆ ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು. ಸಾವಿರಕ್ಕೆ ನಾಲ್ಕೂ ಬೇಕು. ಸಾವಿರದ ಯಂತ್ರ ನೂರಕ್ಕೆ ಇಳಿದಿದೆಯೆಂದರೆ, ನೀಲಿಯೋ ಕಂದೋ ಎಲ್ಲೋ ಪ್ರಾಣ ಬಿಟ್ಟಿದೆಯೆಂದು ಬಹುಮಟ್ಟಿಗೆ ಊಹಿಸಬಹುದು. ತಂತಿ ಮಾತನಾಡಿತ್ತು, ತಂತಿಯವರೇ ಕೇಳಿಸಿಕೊಂಡಿರಲಿಲ್ಲ.

ಕೊನೆಯ ಪರೀಕ್ಷೆಯಾಗಿ ಅಂಗಡಿಯಿಂದ ಹೊಸ ಕೇಬಲು ತಂದು ಮೆಟ್ಟಿಲ ಮೇಲೆಯೇ ಹಾಯಿಸಿದರು. ಮೂರು ದಿನ ಉರಿಬಿಸಿಲು, ದೋಷದ ಸುಳಿವಿಲ್ಲ. ನಾಲ್ಕನೆಯ ದಿನ ರಾಯರು ಎಲ್ಲರೂ ಬೇಡವೆಂದರೂ ಕೇಳದೆ, ಮೊಮ್ಮಗನಿಗೆ ಏಣಿ ಹಿಡಿಯಲು ಹೇಳಿ ಪಶ್ಚಿಮದ ಗೋಡೆಯನ್ನು ಹತ್ತಿದರು. ಎಂಟು ಅಡಿಯ ಎತ್ತರದಲ್ಲಿ, ಕೊಳವೆಯ ಮರೆಯಲ್ಲಿ ಕಪ್ಪು ಟೇಪು ಸುತ್ತಿದ ಒಂದು ಗಂಟು. ಅದು ಅಲ್ಲಿರುವುದು ಅವರಿಗೆ ಹೊಸದಾಗಿರಲಿಲ್ಲ. ಎರಡು ವರ್ಷಗಳ ಹಿಂದೆ ಸುಣ್ಣಬಣ್ಣದವರ ಉಳಿ ತಗುಲಿ ಕೇಬಲು ತುಂಡಾದಾಗ, ಎಂಟು ತಂತಿಗಳ ಸಿಪ್ಪೆ ಸುಲಿದು, ಒಂದಕ್ಕೊಂದು ಹೊಸೆದು, ಟೇಪು ಸುತ್ತಿದವರು ಅವರೇ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಟೆಲಿಫೋನಿನ ಕಾಲದಲ್ಲಿ ಅಂಥ ಗಂಟುಗಳು ವರ್ಷಾನುಗಟ್ಟಲೆ ನಡೆದಿವೆ. ಮನುಷ್ಯನ ಧ್ವನಿ ಸಾಧು ಪ್ರಯಾಣಿಕ. ಎಂಥ ರಸ್ತೆಯಲ್ಲಾದರೂ ಸಾಗುತ್ತದೆ. ಜೋಡಿ ತಂತಿಗಳನ್ನು ಹುರಿಗೊಳಿಸಿದರೆ ಹೊರಗಿನ ಗದ್ದಲ ಅಡಗುತ್ತದೆಂಬುದು 1881ರಷ್ಟು ಹಿಂದೆಯೇ ಗ್ರಹಾಂ ಬೆಲ್ ಕಂಡುಕೊಂಡ ವಿಷಯ. ಆದರೆ ಸಾವಿರದ ವೇಗದಲ್ಲಿ ಒಂದೊಂದು ಜೋಡಿಯೂ ಸೆಕೆಂಡಿಗೆ 12.5 ಕೋಟಿ ಸಂಕೇತಗಳನ್ನು ಹೊರುತ್ತದೆ. ಅಲ್ಲಿ ತುದಿಯ ಹುರಿಯನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಿದರೂ ತಪ್ಪು. ರಾಯರು ಬಿಚ್ಚಿದ್ದು ಮೂರು ಅಂಗುಲ. ಮಳೆನೀರು ಹೊಕ್ಕು ತಾಮ್ರ ಕಪ್ಪಾಗಿತ್ತು. ನೀಲಿ ತಂತಿ ಬಿಟ್ಟೇಹೋಗಿತ್ತು. ಕಿತ್ತಳೆಯದು ತುದಿಯಲ್ಲಷ್ಟೇ ತಾಗಿಕೊಂಡಿದ್ದು, ಪಡುವಣ ಬಿಸಿಲಿಗೆ ಟೇಪು ಸಡಿಲಗೊಂಡಾಗಲೆಲ್ಲ ಕೈ ಬಿಡುತ್ತಿತ್ತು. ಸಂಜೆ ತಂಪಾದ ಮೇಲೆ ಮತ್ತೆ ಸೇರಿಕೊಳ್ಳುತ್ತಿತ್ತು.

ಅಂದು ರಾತ್ರಿ ಊಟವಾದ ಮೇಲೆ ರಾಯರು ಆ ಗಂಟನ್ನು ಕಾಗದದಲ್ಲಿಟ್ಟು ಸೊಸೆಯ ಮುಂದೆ ತಂದಿಟ್ಟರು.

“ಇದು ನಾನು ಹಾಕಿದ್ದಮ್ಮ. ನಿನ್ನ ಯಂತ್ರದ ಮೇಲೆ ಹೇಳಿದೆ.”

ಆಕೆ ಗಂಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಇದ್ದರು.

“ಶನಿವಾರ ಅವರು ಬಂದಾಗ ಗೋಡೆಯ ಮೇಲೆ ಹೊಸದು ಎಳೆಸೋಣ, ಮಾವ. ನಡುವೆ ಗಂಟು ಬೇಡ. ಅಲ್ಲಿಯವರೆಗೆ ಮೆಟ್ಟಿಲ ಮೇಲಿನದೇ ಇರಲಿ; ಅತ್ತೆ ಎಡವದ ಹಾಗೆ ನೋಡಿಕೊಂಡರಾಯಿತು” ಎಂದಳು. ಸ್ವಲ್ಪ ತಡೆದು, “ಆವತ್ತು ನನಗೆ ಬೇಜಾರಾಗಿತ್ತು” ಎಂದೂ ಸೇರಿಸಿದಳು.

ರಾಯರು ಡೈರಿ ತೆರೆದು ಬರೆದರು: ಸ್ಥಳ, ಪಶ್ಚಿಮದ ಗೋಡೆ. ಕಾರಣ, ಕಳಪೆ ಜಾಯಿಂಟು. ಜಾಯಿಂಟು ಮಾಡಿದವರ ಹೆಸರು ಬರೆಯಬೇಕೆಂಬುದು ಇಲಾಖೆಯಲ್ಲಿದ್ದಾಗ ಅವರೇ ಮಾಡಿಕೊಂಡಿದ್ದ ಕಟ್ಟುನಿಟ್ಟು. ಅಲ್ಲಿ ರುಜು ಹಾಕಿದರು.

ಮರುದಿನ ಮೂರು ಗಂಟೆಗೆ ಅವರು ನಡುಮನೆಯಲ್ಲಿ ಗಡಿಯಾರದ ಎದುರು ಕುಳಿತಿದ್ದರು. ಮಹಡಿಯಿಂದ ಸೊಸೆ ಯಾರೊಡನೆಯೋ ಮಾತನಾಡುವ ಧ್ವನಿ ಎಡೆಬಿಡದೆ ಕೇಳಿಬರುತ್ತಿತ್ತು. ಮನೆಯಾಕೆ ಕಾಫಿ ತಂದಿಟ್ಟು, “ಮೂರೂ ಕಾಲಾಯಿತು, ಕುಡಿಯಿರಿ” ಎಂದರು.