ನೆಲಕ್ಕಿಳಿದ ಒಂದು ತಂತಿ

ಕಳೆದ ಬೇಸಿಗೆ ರಜೆಯಲ್ಲಿ ಬ್ರಹ್ಮಾವರದ ನಮ್ಮ ಮನೆಗೆ ಬಂದ ಮೊಮ್ಮಗ ಬೆಂಗಳೂರಿನಿಂದ ಒಂದು ಪುಟ್ಟ ರೈಲನ್ನು ತಂದಿದ್ದ. ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆಯದು. "ಅಜ್ಜ, ಇದು ಓಡಲು ಒಂದು ಊರು ಬೇಕು" ಎಂದ. ಕೋಲಾರದ ಚಿನ್ನದ ಗಣಿಯನ್ನೇ ಮಾಡೋಣವೆಂದೆ. ಹಾಗೆನ್ನಲು ಹಳೆಯ ಕಾರಣವೊಂದಿತ್ತು.

1987ರಲ್ಲಿ ನಾನು ಬೈಂದೂರಿನ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದೆ. ಕುಂದಾಪುರದಲ್ಲಿ ನಡೆಯಲಿದ್ದ ವಸ್ತುಪ್ರದರ್ಶನಕ್ಕೆ ಇದೇ ಗಣಿಯ ಮಾದರಿಯನ್ನು ಮಕ್ಕಳಿಂದ ಮಾಡಿಸಿದ್ದೆ. ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ್ದು 1998ರಲ್ಲಿ. ಆ ಮಕ್ಕಳಲ್ಲಿ ಹಲವರು ರೈಲನ್ನು ಕಣ್ಣಾರೆ ಕಂಡವರಲ್ಲ. ಆದರೂ ಬೆಂಕಿಪೆಟ್ಟಿಗೆಗಳನ್ನು ಜೋಡಿಸಿ ಗಾಡಿ ಕಟ್ಟಿದ್ದರು, ಬಿದಿರಿನ ಸೀಳುಗಳಿಂದ ಗಣಿಬಾವಿಯ ಗೋಪುರವನ್ನು ನಿಲ್ಲಿಸಿದ್ದರು.

ಆ ಗಣಿಯ ಕತೆಯಲ್ಲಿ ನನ್ನನ್ನು ಸೆಳೆದದ್ದು ಚಿನ್ನವಲ್ಲ, ವಿದ್ಯುತ್ತು. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಅದಾದ ಮೇಲೆ, 1905ರಲ್ಲಿ. ಮೊಮ್ಮಗನ ಅಳತೆಯಲ್ಲೇ ಮಾಡಿದರೂ ಆ ತಂತಿಮಾರ್ಗ 1.7 ಕಿಲೋಮೀಟರ್ ಉದ್ದವಾಗಬೇಕು! ಹಾಗಾಗಿ ಹಲಗೆಯ ಅಂಚಿನಿಂದ ಒಳಬರುವ ಆರು ಕಂಬಗಳಷ್ಟಕ್ಕೇ ತೃಪ್ತರಾದೆವು.

ಅಂಗಡಿಯಿಂದ ಏನನ್ನೂ ತರಬಾರದೆಂಬುದು ನಮ್ಮ ಕರಾರು. 9 ಮೀಟರ್ ಎತ್ತರದ ಕಂಬಕ್ಕೆ 10 ಸೆಂಟಿಮೀಟರಿಗಿಂತ ತುಸು ಉದ್ದದ ಬಿದಿರುಕಡ್ಡಿ, ಅದರ ಅಡ್ಡತೋಳಿಗೆ ತೆಂಗಿನ ಗರಿಯ ಕಡ್ಡಿ, ಪಿಂಗಾಣಿ ಬಿಲ್ಲೆಗಳಿಗೆ ಹರಿದ ಸರದ ಬಿಳಿ ಮಣಿಗಳು. ಸುಟ್ಟುಹೋದ ಪಂಪಿನ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯನ್ನು ಬಿಗಿಯಾಗಿ ಎಳೆಯದೆ ಕಂಬದಿಂದ ಕಂಬಕ್ಕೆ ಸ್ವಲ್ಪ ಜೋತುಬಿಟ್ಟೆವು; ತಂತಿ ಜೋತರೇ ಕಂಬಕ್ಕೆ ಭಾರ ಬರುತ್ತದೆ, ಕಣ್ಣಿಗೆ ನಿಜವೆನಿಸುತ್ತದೆ. ಔಷಧದ ಡಬ್ಬಿಯೊಂದು ಟ್ರಾನ್ಸ್‌ಫಾರ್ಮರ್ ಆಯಿತು.

ಅದರ ವಿವರಗಳನ್ನು ತಿಳಿಯಲು ಇಬ್ಬರೂ ರಸ್ತೆಬದಿಯ ನಿಜವಾದ ಟ್ರಾನ್ಸ್‌ಫಾರ್ಮರನ್ನು ದೂರದಿಂದ ನೋಡಿ ಚಿತ್ರ ಬರೆದುಕೊಂಡೆವು. ಆಗ ಮೊಮ್ಮಗ ಕೇಳಿದ: "ಅಜ್ಜ, ಆ ಒಂದು ತಂತಿ ಯಾವ ಮನೆಗೂ ಹೋಗದೆ ಸುಮ್ಮನೆ ನೆಲಕ್ಕೆ ಇಳಿದಿದೆಯಲ್ಲ, ಯಾಕೆ?"

ಉತ್ತರ ಹೇಳಲು ಬಾಯಿ ತೆರೆದವನು ಹಾಗೆಯೇ ನಿಂತೆ. ಪ್ರದರ್ಶನದ ಹಿಂದಿನ ಸಂಜೆ ನಮ್ಮ ಮಾದರಿಯ ಟ್ರಾನ್ಸ್‌ಫಾರ್ಮರಿನಿಂದ ಇಳಿದ ಸಣ್ಣ ತಂತಿಯೊಂದು ಮರದ ಹುಡಿಯೊಳಗೆ ಹೂತಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಎಲ್ಲಿಗೂ ಸೇರದ ಅದು ಅಂದಗೆಡಿಸುತ್ತದೆಂದು ಕಿತ್ತೆಸೆದಿದ್ದೆ. ಅದನ್ನು ಜೋಡಿಸಿದ್ದ ಹುಡುಗ "ಸಾರ್, ಅದ್..." ಎಂದು ಆರಂಭಿಸಿದ್ದ. ಸಮಯವಿಲ್ಲವೆಂದು ಗದರಿದೆ. ಅವನು ಸುಮ್ಮನಾದ. ಅವನ ತಂದೆ ಲೈನ್‌ಮನ್ ಎಂಬುದು ನನಗೆ ಗೊತ್ತಿತ್ತು.

ಅದು ಭೂಸಂಪರ್ಕದ ತಂತಿ. ಉಪಕರಣದ ಲೋಹದ ಮೈಗೆ ತಪ್ಪಿ ವಿದ್ಯುತ್ತು ಹರಿದರೆ ಅದನ್ನು ಭೂಮಿಗೆ ದಾಟಿಸಿ, ಮುಟ್ಟಿದವನ ಜೀವ ಉಳಿಸುವಂಥದು. ಎಲ್ಲವೂ ಸರಿಯಿದ್ದಾಗ ಅದಕ್ಕೆ ಕೆಲಸವೇ ಕಾಣದು. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಅದರ ಚಿಹ್ನೆ ಬರೆದು, ತಪ್ಪಿದವರ ಅಂಕ ಕಳೆಯುತ್ತಿದ್ದವನು ನಾನೇ. ಪುಸ್ತಕದಲ್ಲಿ ಕಲಿಸಿದ್ದನ್ನು ಮಾದರಿಯಲ್ಲಿ ಗುರುತಿಸಲಾರದೆ ಹೋದೆ. ಹುಡುಗ ತನ್ನ ಮನೆಯಲ್ಲಿ, ತಂದೆಯ ಪ್ರಾಣದ ಮಾತಾಗಿ ಅದನ್ನು ಅರಿತಿದ್ದ. ಆ ಮಾದರಿಯಲ್ಲಿ ತಿಳಿದು ಮಾಡಿದ ಕೆಲಸವೆಂದರೆ ಬಹುಶಃ ಅದೊಂದೇ.

ಮೊಮ್ಮಗನಿಗೆ ಎಲ್ಲವನ್ನೂ ಹೇಳಿದೆ. ಅವನು ಏನನ್ನೂ ಕೇಳದೆ ಒಂದು ತುಂಡು ತಂತಿಯನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟ. ಟ್ರಾನ್ಸ್‌ಫಾರ್ಮರಿನಿಂದ ಅದನ್ನು ಇಳಿಸಿ, ಗುಂಡುಸೂಜಿಯಿಂದ ನೆಲಕ್ಕೆ ಊರಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ನಮ್ಮ ಹಲಗೆಯ ಮೇಲೆ ಅದರ ದೀಪಗಳು ಎರಡು ಟಾರ್ಚ್ ಸೆಲ್ಲುಗಳ ಬಲದಿಂದ ಇನ್ನೂ ಬೆಳಗುತ್ತಿವೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಆ ಹುಡುಗನೂ ಇದನ್ನು ಓದುತ್ತಿದ್ದರೆ, ಅವನಲ್ಲಿ ನನ್ನದೊಂದು ಕೋರಿಕೆ. ಅಂದು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಮುಗಿಸಲು ಒಮ್ಮೆ ಬ್ರಹ್ಮಾವರಕ್ಕೆ ಬಾ. ತಪ್ಪು ನನ್ನದು. ತಂತಿಯನ್ನು ಮತ್ತೆ ಹಾಕಿದ್ದೇನೆ. ಸರಿಯಾಗಿದೆಯೇ ಎಂದು ನೀನು ನೋಡಿ ಹೇಳಬೇಕು.